ಗಾಲಿ ನಿಲ್ಲಿಸಿದ ಕೈ, ಹಳಿ ಹಾಸಿದ ಕೈ

1974ರ ಮೇ 8ರಂದು ದೇಶದ ಲಕ್ಷಾಂತರ ರೈಲ್ವೆ ನೌಕರರು ಮುಷ್ಕರಕ್ಕಿಳಿದರು. ಎಂಟು ಗಂಟೆಯ ದುಡಿಮೆ, ಬೋನಸ್ಸು, ನ್ಯಾಯವಾದ ಸಂಬಳ ಅವರ ಬೇಡಿಕೆ. ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಇಂದಿರಾ ಗಾಂಧಿ ಸರ್ಕಾರ ಸಾವಿರಾರು ಮಂದಿಯನ್ನು ಜೈಲಿಗೆ ತಳ್ಳಿತು, ಕ್ವಾರ್ಟರ್ಸುಗಳಿಂದ ಸಂಸಾರಗಳನ್ನು ಹೊರಹಾಕಿತು. ಮೂರು ವಾರದೊಳಗೆ ಮುಷ್ಕರ ಮುರಿದುಬಿತ್ತು. ಹದಿನಾರು ವರ್ಷ ಕಳೆಯುವುದರೊಳಗೆ ಅದೇ ಜಾರ್ಜ್ ರೈಲ್ವೆ ಮಂತ್ರಿಯಾಗಿದ್ದರು.

1930ರ ಜೂನ್ 3ರಂದು ಹುಟ್ಟಿದ ಅವರನ್ನು ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದ್ದರು. ಅಲ್ಲಿ ಗುರುಗಳಿಗೊಂದು ಊಟ, ವಿದ್ಯಾರ್ಥಿಗಳಿಗೊಂದು ಊಟ. ಆ ಭೇದ ಸಹಿಸದೆ ಹೊರಬಿದ್ದ ಹುಡುಗ 1949ರಲ್ಲಿ ಮುಂಬೈ ಸೇರಿ, ಚೌಪಾಟಿಯ ಬೆಂಚುಗಳ ಮೇಲೆ ಮಲಗಿದ. ಕಾರ್ಮಿಕ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಜತೆ ಬಂದರಿನ ಕೂಲಿಗಳನ್ನು ಸಂಘಟಿಸಿದ. ಟ್ಯಾಕ್ಸಿ ಚಾಲಕರ ನಾಯಕನಾದ. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನು ಸೋಲಿಸಿದ.

ತುರ್ತುಪರಿಸ್ಥಿತಿಯಲ್ಲಿ ಭೂಗತರಾಗಿದ್ದ ಜಾರ್ಜ್ 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಸ್ಫೋಟಗಳಿಗೆ ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದ ಮೊದಲ ಆರೋಪಿ ಅವರೇ. ಸಿಕ್ಕಿಬೀಳುವ ಮೊದಲು, ಅವರ ಸುಳಿವಿಗಾಗಿ ಬೆಂಗಳೂರಿನಲ್ಲಿ ಪೊಲೀಸರು ಅವರ ತಮ್ಮ ಲಾರೆನ್ಸ್‌ರನ್ನು ಚಿತ್ರಹಿಂಸೆಗೆ ಗುರಿಮಾಡಿದರು. ಜಾರ್ಜ್‌ರ ಗೆಳತಿ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಜರ್ಜರಿತರಾಗಿ, ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. 1977ರಲ್ಲಿ ಬಿಹಾರದ ಮುಜಫ್ಫರ್‌ಪುರ, ಜೈಲಿನಲ್ಲಿದ್ದ ಅಭ್ಯರ್ಥಿಯನ್ನು ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ ಗೆಲ್ಲಿಸಿತು.

ವಿ.ಪಿ. ಸಿಂಗ್ ಸಂಪುಟದಲ್ಲಿ ರೈಲ್ವೆ ಖಾತೆ ಅವರ ಬಳಿ ಇದ್ದದ್ದು ಒಂದು ವರ್ಷವೂ ಅಲ್ಲ. ಹೋಟೆಲು, ಕಾರ್ಖಾನೆಗಳ ದುಡಿಮೆಗೆಂದು ಮುಂಬೈಗೆ ಹೋಗುತ್ತಿದ್ದ ಕರಾವಳಿಗರಿಗೆ ಆಗ ನೇರ ರೈಲು ಹಾದಿಯಿರಲಿಲ್ಲ. ವರ್ಷವರ್ಷದ ಬಜೆಟ್ಟಿನ ಚೂರುಪಾರು ಹಣ ನಂಬಿದರೆ ಆ ಕೊಂಕಣ ರೈಲು ಹಾದಿ ಮುಗಿಯದೆಂದು ಅರಿತ ಜಾರ್ಜ್ ಬೇರೆಯದೇ ನಿಗಮ ಕಟ್ಟಿಸಿದರು. ಷೇರು ಬಂಡವಾಳದಲ್ಲಿ ಆಗ ರೈಲ್ವೆಯದು ಶೇ 51 ಪಾಲು, ಕರ್ನಾಟಕದ್ದು ಶೇ 15. ಉಳಿದದ್ದು ಮಹಾರಾಷ್ಟ್ರ, ಗೋವಾ, ಕೇರಳಗಳದು. ಮಿಕ್ಕ ಬಂಡವಾಳಕ್ಕೆ ಸಾರ್ವಜನಿಕರಿಗೆ ಬಾಂಡ್ ಮಾರಾಟ. ಹಣಕಾಸು ಮಂತ್ರಿ ಮಧು ದಂಡವತೆ ಬೆನ್ನಿಗೆ ನಿಂತರು, ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ನಿರ್ಮಾಣದ ಹೊಣೆ ಹೊತ್ತರು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರ್ ಉದ್ದದ ಸೇತುವೆ ಎದ್ದಿತು. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಹಾದಿ 1998ರ ಜನವರಿ 26ರಂದು ಪೂರ್ತಿ ತೆರೆಯಿತು.

ಮುಂದೆ ವಾಜಪೇಯಿ ಸರ್ಕಾರದ ರಕ್ಷಣಾ ಮಂತ್ರಿಯಾಗಿ ಪೋಖ್ರಾನ್ ಅಣುಪರೀಕ್ಷೆ, ಕಾರ್ಗಿಲ್ ಯುದ್ಧ ಕಂಡರು. ರಕ್ಷಣಾ ಖರೀದಿಯ ಲಂಚದ ಆರೋಪ ಹೊತ್ತು ಬಂದ 2001ರ ತೆಹಲ್ಕಾ ಪ್ರಕರಣ ರಾಜೀನಾಮೆ ಕೊಡಿಸಿತು; ಸಮಾಜವಾದಿ ಗೆಳೆಯರು ದೂರವಾದರು. 2019ರ ಜನವರಿ 29ರಂದು ದೆಹಲಿಯಲ್ಲಿ ನಿಧನರಾದರು. ಅವರ ರಾಜಕೀಯದ ತಿರುವುಗಳ ಬಗ್ಗೆ ಜಗಳ ಮುಗಿಯದಿದ್ದೀತು. ಹನ್ನೊಂದು ತಿಂಗಳ ಅಧಿಕಾರದಲ್ಲಿ ಕರಾವಳಿಗೆ ಇಷ್ಟು ಮಾಡಿಕೊಟ್ಟ ಕೇಂದ್ರ ಮಂತ್ರಿ ಮತ್ತೊಬ್ಬರಿಲ್ಲ.