ಮೈಸೂರಿನ ಇಂಜಿನ್, ಅಬಲೂರಿನ ಕ್ಯಾರಿಯರ್

ಯೆಜ್ಡಿ ಅಂದ ಕೂಡಲೇ ನಮ್ಮ ಕ್ಲಬ್ಬಿನ ಗೆಳೆಯರು ರೇಸಿನ ಮಾತು ತೆಗೀತಾರೆ. ನನಗೆ ಮೊದಲು ನೆನಪಾಗೋದು ಹಾಲಿನ ಕ್ಯಾನು. ಹಿರೇಕೆರೂರು ತಾಲ್ಲೂಕಿನ ನಮ್ಮ ಅಬಲೂರಿನಲ್ಲಿ ರೋಡ್‌ಕಿಂಗ್ ಬೆಳಿಗ್ಗೆ ಹಾಲು ಹೊರ್ತಿತ್ತು, ಮಧ್ಯಾಹ್ನ ಗೊಬ್ಬರದ ಚೀಲ, ಸಂಜೆ ಮೂರು ಮಂದಿ. ಹಳೇ ಬೈಕುಗಳ ಇತಿಹಾಸ ಹೇಳೋರು ವೇಗದ ಕತೆ ಚೆನ್ನಾಗಿ ಹೇಳ್ತಾರೆ, ಈ ಹೊರೆಯ ಕತೆ ಬಿಟ್ಟುಬಿಡ್ತಾರೆ. ಎರಡೂ ಒಂದೇ ಇಂಜಿನ್ನಿನವು.

ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಐಡಿಯಲ್ ಜಾವಾ ಕಂಪನಿ ಕಟ್ಟಿದ್ದು 1960ರಲ್ಲಿ. ಮರುವರ್ಷವೇ ಮೈಸೂರಿನ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. ವಿನ್ಯಾಸ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯದು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಅದು ಇರಾನಿನ ಯಜ್ದ್ ಪಟ್ಟಣದ ನೆನಪು ಅಂತಾರೆ. ತಮಾಷೆ ಅಂದ್ರೆ, ಚೆಕ್ ಭಾಷೆಯಲ್ಲೂ ಅದೇ ಉಚ್ಚಾರದ ಒಂದು ಕ್ರಿಯಾಪದ ಇದೆ. 'ಓಡಾಡುತ್ತದೆ' ಅಂತ ಅರ್ಥ. 1978ರಲ್ಲಿ ರೋಡ್‌ಕಿಂಗ್ ಬಂತು. ಕಿಕ್ ಹೊಡೆಯೋದಕ್ಕೂ ಗೇರ್ ಹಾಕೋದಕ್ಕೂ ಒಂದೇ ಲಿವರ್, ಎರಡೂ ಬದಿಗೆ ಸೈಲೆನ್ಸರ್.

ಈಗ ಸ್ವಲ್ಪ ಇಂಜಿನ್ ಒಳಗೆ ಇಣುಕೋಣ, ಯಾಕಂದ್ರೆ ಇಡೀ ಜಗಳ ಇರೋದೇ ಅಲ್ಲಿ. ಇದು 250 ಸಿಸಿ ಟೂ-ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಟಕಿಗಳಂಥ ಪೋರ್ಟುಗಳಿವೆ; ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವುಗಳ ಬಾಗಿಲು. ಹಾಗಾಗಿ ಟ್ಯೂನಿಂಗ್ ಅಂದ್ರೆ ಮುಖ್ಯವಾಗಿ ಒಂದು ಅರ, ಬೆಳಕು, ತಾಳ್ಮೆ. ಹೊಗೆ ಹೋಗುವ ಪೋರ್ಟಿನ ಮೇಲಂಚನ್ನು ಒಂದಿಷ್ಟು ಉಜ್ಜಿ ಎತ್ತರಿಸಿದರೆ ಅದು ಬೇಗ ತೆರೆಯುತ್ತೆ, ಇಂಜಿನ್ ಜೋರಾಗಿ ತಿರುಗುವಾಗ ಶಕ್ತಿ ಹೆಚ್ಚುತ್ತೆ. ಅದಕ್ಕೆ ತೆರಬೇಕಾದ ಬೆಲೆ, ನಿಧಾನದಲ್ಲಿ ಎಳೆಯುವ ತಾಕತ್ತು. ಉಜ್ಜಿದ ಲೋಹ ವಾಪಸ್ ಬರಲ್ಲ. ನಮ್ಮ ಆಫೀಸಿನಲ್ಲಿ ಇರುವಂತೆ ಇಲ್ಲಿ 'ಅನ್‌ಡೂ' ಬಟನ್ ಇಲ್ಲ.

ಸೈಲೆನ್ಸರಿನದೂ ಹಾಗೇ. ಹೊರಹೋದ ಹೊಗೆಯ ಒತ್ತಡದ ಅಲೆ ವಾಪಸ್ ಬಡಿದು, ಉರಿಯದೆ ತಪ್ಪಿಸಿಕೊಳ್ಳುವ ಪೆಟ್ರೋಲನ್ನು ಒಳಕ್ಕೆ ತಳ್ಳುವಂತೆ ಪೈಪಿನ ಆಕಾರ ರೂಪಿಸಬಹುದು. ಇದನ್ನು ಪಳಗಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್. 1961ರಲ್ಲಿ ಅವನ ರೈಡರ್ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಈ ವಿದ್ಯೆಯನ್ನು ಸುಜುಕಿಗೆ ಕೊಟ್ಟ. ಸೋರ್ಸ್ ಕೋಡ್ ಸಮೇತ ಕಂಪನಿ ಬಿಟ್ಟ ಹಾಗೆ. ಮರುವರ್ಷ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್!

ನಮ್ಮಲ್ಲಿ ಈ ವಿದ್ಯೆಯ ಪರೀಕ್ಷೆ ನಡೀತಿದ್ದದ್ದು ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಮೇಲೆ. ಸಿ.ಕೆ. ಚಿನ್ನಪ್ಪ ಅವರಂಥವರು ಯೆಜ್ಡಿ ಮೇಲೆ ಹೆಸರು ಮಾಡಿದರು. ಮೈಸೂರಿನದೇ ಇನ್ನೊಂದು ಹೆಸರು ಸೋಮೇಂದರ್ ಸಿಂಗ್. ಟ್ಯೂನಿಂಗ್ ಮಾಡ್ತಾ ಮಾಡ್ತಾ ಸಿಲಿಂಡರ್ ಹೆಡ್ಡಿನ ಒಳಮೈಗೆ ಗೀರು ಕೊರೆಯುವ ಉಪಾಯ ಕಂಡುಕೊಂಡು, 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಪಡೆದವರು.

ಇವರೆಲ್ಲ ದಾಖಲೆಯಲ್ಲಿದ್ದಾರೆ. ನಮ್ಮ ಕಡೆಯ ಮಿಸ್ತ್ರಿಗಳು ಇಲ್ಲ. ಅವರದು ಉಲ್ಟಾ ಟ್ಯೂನಿಂಗ್ ನೋಡ್ರಿ. ಮಳೆಗಾಲದ ಎರಿ ಮಣ್ಣಿನಲ್ಲಿ ಎರಡು ಕ್ಯಾನು ಕಟ್ಟಿಕೊಂಡು ಬರುವವನಿಗೆ ವೇಗ ಯಾಕೆ ಬೇಕು? ಪೋರ್ಟ್ ಮುಟ್ಟುತ್ತಿರಲಿಲ್ಲ. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಹಾಕ್ತಿದ್ರು, ಎಳೆತಕ್ಕೆ. ಕಿಟ್ಟ ಕಟ್ಟಿದ ಸೈಲೆನ್ಸರನ್ನು ಬೆಂಕಿಯಲ್ಲಿ ಸುಟ್ಟು ಬಡೀತಿದ್ರು. ಏಕಾಂತದ ರಾಮಯ್ಯ ತಲೆ ಕಡಿದುಕೊಟ್ಟು ಏಳನೇ ದಿನಕ್ಕೆ ಮರಳಿ ಪಡೆದ ಕತೆಗೆ ನಮ್ಮೂರು ಹೆಸರುವಾಸಿ. ನಮ್ಮ ಕಾಕಾ ಹೇಳೋರು: "ತಮ್ಮಾ, ಅಂವಗ ಏಳು ದಿನ ಹತ್ತಿತ್ತು, ನಮ್ಮ ಮಿಸ್ತ್ರಿ ಒಂದ ತಾಸಿನ್ಯಾಗ ಹೆಡ್ ಬಿಚ್ಚಿ ಕೂಡಸ್ತಾನ."

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಎಣ್ಣೆ ಬೆರೆಸೋ ಗೋಜಿಲ್ಲ, ಪೆಟ್ರೋಲ್ ಖರ್ಚು ಕಮ್ಮಿ. ಪೇಟೆಯವರು ಅತ್ತ ಹೋದರು. 1996ರಲ್ಲಿ ಮೈಸೂರಿನ ಕಾರ್ಖಾನೆಗೆ ಬಾಗಿಲು ಬಿತ್ತು. ಬೈಕುಗಳು ನಿಲ್ಲಲಿಲ್ಲ. ಬಿಡಿಭಾಗ ಮಾಡುವವರೇ ಹೋದ ಮೇಲೂ ಓಡಿಸಿದ್ದು ಇಂಥ ಮಿಸ್ತ್ರಿಗಳು. ಈಗ ಜುಲೈ ಎರಡನೇ ಭಾನುವಾರದ ಜಾವಾ ದಿನದಂದು ಬೆಂಗಳೂರಿನಲ್ಲಿ ಮಿರುಗುವ ಎಷ್ಟೋ ಬೈಕುಗಳು ಊರ ಕಡೆಯ ಕೊಟ್ಟಿಗೆಗಳಿಂದ ಬಂದವು. ಹೊಸ ಪೇಂಟ್ ಬಿದ್ದ ದಿನ ಅವುಗಳ ಆ ಆಯಸ್ಸು ಅಳಿಸಿಹೋಗುತ್ತೆ.

ಹೋದ ವರ್ಷ ಅಬಲೂರಿನದೇ ಒಂದು ರೋಡ್‌ಕಿಂಗ್ ನಮ್ಮ ಕ್ಲಬ್ಬಿಗೆ ಬಂತು. ಫ್ರೇಮಿಗೇ ವೆಲ್ಡ್ ಮಾಡಿದ ಕಬ್ಬಿಣದ ಕ್ಯಾರಿಯರ್ ಸಮೇತ. ಕೊಂಡ ಗೆಳೆಯನಿಗೆ ಪೋರ್ಟ್ ಉಜ್ಜಿ ಡ್ರ್ಯಾಗ್ ರೇಸಿಗೆ ಇಳಿಸುವ ಆಸೆ. ಇನ್ನೊಬ್ಬನಿಗೆ ಷೋರೂಮಿನಿಂದ ಬಂದ ಹಾಗೆ ಮಾಡಬೇಕು. ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ: ಕ್ಯಾರಿಯರ್ ಕತ್ತರಿಸಿ ಬಿಸಾಕೋದು. "ಗುರೂ, ಇದು ಒರಿಜಿನಲ್ ಅಲ್ಲ" ಅಂದ್ರು. ಷೋರೂಮಿನಲ್ಲಿ ನಿಂತ ಕೆಲವು ದಿನ ಒರಿಜಿನಲ್, ಹಾಲು ಹೊತ್ತ ಇಪ್ಪತ್ತು ವರ್ಷ ಅಲ್ಲ ಅನ್ನೋ ಲೆಕ್ಕ ನನಗೆ ಹಿಡಿಸಲಿಲ್ಲ. ಜೋರಾಗೇ ಹೇಳಿದೆ.

ಹೆಡ್ ಬಿಚ್ಚಿ ನೋಡಿದರೆ ಪೋರ್ಟ್ ಮೈಸೂರಿನಿಂದ ಬಂದ ಹಾಗೇ ಇತ್ತು, ಅರ ತಾಗಿದ ಗುರುತೇ ಇಲ್ಲ. ಅದನ್ನು ಗ್ರೀಸ್ ಹಚ್ಚಿ ಸುತ್ತಿಟ್ಟೆವು. ಉಜ್ಜೋದಕ್ಕೆ ಬೇರೊಂದು ಸೆಕೆಂಡ್‌ಹ್ಯಾಂಡ್ ಸಿಲಿಂಡರ್ ಹುಡುಕಿ ತಂದೆವು. ಕ್ಯಾರಿಯರ್ ಜಗಳ ಮಾತ್ರ ಮುಗಿದಿಲ್ಲ. ಅದರ ತೂಕವೇ ತನ್ನನ್ನು ಸೋಲಿಸ್ತಿದೆ ಅಂತ ಅವನ ವಾದ. ಕಳೆದ ಸಲ ಅದನ್ನಿಟ್ಟುಕೊಂಡೇ 402 ಮೀಟರ್ ಓಡಿಸಿದ, ಕೊನೆಯಿಂದ ಎರಡನೆಯವನಾದ.