ಸಂಸ್ಥಾಪಕರ ಹೆಸರಿಲ್ಲದ ಸಂಸ್ಥೆ: ನಮ್ಮ ಮೂರು ತಾಲೂಕುಗಳ ಖಾನಾವಳಿ

ಸ್ಮರಣ ಸಂಚಿಕೆ ಅಂದರೆ ಮೊದಲ ಪುಟದಲ್ಲಿ ಸಂಸ್ಥಾಪಕರ ಭಾವಚಿತ್ರ, ಮುಂದಿನ ಪುಟದಲ್ಲಿ ಅಡಿಗಲ್ಲಿನ ದಿನಾಂಕ, ಆಮೇಲೆ ಅಧ್ಯಕ್ಷರ ಪಟ್ಟಿ. ನಾನು ಬರೆಯಲು ಕುಳಿತಿರುವ ಸಂಸ್ಥೆಗೆ ಈ ಮೂರೂ ಇಲ್ಲ. ಆದರೂ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಅದರ ಅನ್ನದ ಋಣ ಇಲ್ಲದ ಮನೆ ಸಿಗುವುದು ಕಷ್ಟ. ತಾರೀಖಿಗೆಂದು ಕೋರ್ಟಿಗೆ ಬಂದ ರೈತ, ಅಡತಿ ಅಂಗಡಿಗೆ ತೊಗರಿ ತಂದವ, ಮೊದಲ ನೌಕರಿಗೆ ಹಾಜರಾದ ಮಾಸ್ತರ, ಪರೀಕ್ಷೆ ಬರೆಯಲು ಬಂದ ಹುಡುಗ, ಇವರೆಲ್ಲ ಒಂದಲ್ಲ ಒಂದು ಮಧ್ಯಾಹ್ನ ಅದರ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಕುಳಿತವರೇ. ಅದು ನಮ್ಮ ಖಾನಾವಳಿ.

ಹುಟ್ಟು

ಖಾನಾವಳಿ ಎಂಬ ಪದ ಮರಾಠಿಯ ‘ಖಾಣಾವಳ’ದಿಂದ ನಮ್ಮಲ್ಲಿಗೆ ಬಂತು. ಬಂದ ದಾರಿಯೂ ಸ್ಪಷ್ಟ. ಆಳಂದ, ಅಫಜಲಪುರ ತಾಲೂಕುಗಳ ಗಡಿ ದಾಟಿದರೆ ಸೊಲ್ಲಾಪುರ ಸೀಮೆ. 1877ರಲ್ಲಿ ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿ ಶುರುವಾದ ಮೇಲೆ ಕೂಲಿ ಅರಸಿ ಹಳ್ಳಿಯವರು ಅಲ್ಲಿಗೆ ಹೋದರು. ಮುಂಬಯಿಯ ಗಿರಣಿಗಳಿಗೂ ಹೋದರು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಹೋದ ಗಂಡಸರಿಗೆ ಎರಡು ಹೊತ್ತು ಉಣ್ಣಲು ಒಂದು ಮನೆ ಬೇಕಿತ್ತು. ಗಿರಣಿ ಓಣಿಯ ಹೆಣ್ಣುಮಕ್ಕಳು ತಮ್ಮ ಒಲೆಯ ಮೇಲೆಯೇ ಹತ್ತಿಪ್ಪತ್ತು ಜನಕ್ಕೆ ಅಡಿಗೆ ಮಾಡಿ ತಿಂಗಳ ಲೆಕ್ಕಕ್ಕೆ ಉಣಿಸಿದರು. ಖಾನಾವಳಿಯ ಮೂಲ ರೂಪ ಇದು. ಅಂಗಡಿಗಿಂತ ಮೊದಲು ಅದು ಮನೆಯಾಗಿತ್ತು.

ಆ ಹೆಣ್ಣುಮಕ್ಕಳ ದುಡಿಮೆಯನ್ನು ಲೋಕ ಗಮನಿಸಿದ್ದು ಬಹಳ ತಡವಾಗಿ. ದಿನಸಿ ತರಲು ಬಡ್ಡಿ ಸಾಲಕ್ಕೆ ಸಿಕ್ಕಿಬಿದ್ದಿದ್ದ ಮುಂಬಯಿಯ ಖಾನಾವಳಿ ಮಹಿಳೆಯರನ್ನು ಪ್ರೇಮಾ ಪುರವ ಅವರು ಒಟ್ಟುಗೂಡಿಸಿ, ಬ್ಯಾಂಕಿನ ಸಾಲ ಕೊಡಿಸಿ, 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ನಮ್ಮ ಕಡೆ ಅಂಥ ಮಂಡಳವಿಲ್ಲದೆಯೇ ಅದೇ ಕೆಲಸ ನಡೆಯಿತು. ಆದ್ದರಿಂದಲೇ ದಾಖಲೆಯೂ ಉಳಿಯಲಿಲ್ಲ.

ನಮ್ಮ ತಾಲೂಕು ಕೇಂದ್ರಗಳಿಗೆ ಖಾನಾವಳಿ ಬರಲು ದಾರಿ ಮಾಡಿದ್ದು ಬಸ್ಸು ಮತ್ತು ಕಚೇರಿ. ಆಗ ನಮ್ಮನ್ನಾಳುತ್ತಿದ್ದ ನಿಜಾಮರ ಸರ್ಕಾರ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಮುಂದೆ ಶಾಲೆ, ಆಸ್ಪತ್ರೆ, ತಹಶೀಲ್ದಾರ್ ಕಚೇರಿ, ಸಹಕಾರಿ ಬ್ಯಾಂಕು, ಕೃಷಿ ಮಾರುಕಟ್ಟೆ ಬೆಳೆದಂತೆ ಹೊರ ಊರಿನ ನೌಕರರು ಬಂದರು, ಕೆಲಸಕ್ಕೆಂದು ಹಳ್ಳಿಯವರು ಬಂದರು. ಬಸ್ ನಿಲ್ದಾಣದ ಎದುರು, ಸಂತೆಯ ಬದಿಗೆ, ಕೋರ್ಟಿನ ಹಿಂದೆ ಖಾನಾವಳಿಯ ಹಲಗೆಗಳು ಎದ್ದವು. ದೇವಲ ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮಕ್ಕೆ ಬರುವ ದತ್ತ ಭಕ್ತರಿಗಾಗಿ ಎದ್ದವು. ಐದು ಮನೆಯ ಮಧುಕರಿ ಭಿಕ್ಷೆಯನ್ನು ಇಂದಿಗೂ ಉಳಿಸಿಕೊಂಡಿರುವ ಊರದು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಎಲ್ಲ ಧರ್ಮದವರೂ ನಡೆದುಕೊಳ್ಳುತ್ತಾರೆ. ಹೀಗಾಗಿ ಖಾನಾವಳಿಯ ಪಕ್ಕದಲ್ಲೇ ತಹರಿ ಎಂಬ ಮಸಾಲೆ ಅನ್ನದ ಪಾತ್ರೆ ಹಬೆಯಾಡುವುದು ನಮ್ಮ ಸೀಮೆಯ ಸಹಜ ನೋಟ.

ಒಂದು ತಾಟಿನ ಊಟ

ನಾನು ಮೊದಲ ಸಲ ಖಾನಾವಳಿಯಲ್ಲಿ ಉಂಡದ್ದು ಜೇವರ್ಗಿಯಲ್ಲಿ, ಅಪ್ಪನ ಜೊತೆ. ಹೊಲದ ಪಹಣಿಯ ಕೆಲಸಕ್ಕೆ ಬಂದಿದ್ದೆವು. ನೆಲಕ್ಕೆ ಶಹಾಬಾದಿ ಕಲ್ಲು, ಗೋಡೆಯಲ್ಲಿ ಬಸವಣ್ಣನ ಪಟ, ಮೂಲೆಯಲ್ಲಿ ನೀರಿನ ಹರವಿ. ಸ್ಟೀಲಿನ ತಾಟಿನಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ ಬದನೆ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಡೆದ ಉಳ್ಳಾಗಡ್ಡಿ. ಎರಡು ರೊಟ್ಟಿಗೆ ನಾನು ಕೈ ತಡೆದೆ. ಮೂರನೆಯದಕ್ಕೆ ಬೇರೆ ರೊಕ್ಕ ಆಗುತ್ತದೇನೋ ಎಂಬ ಅಂಜಿಕೆ. ಒಲೆಯ ಮುಂದಿದ್ದ ಆಯಿ ಅಲ್ಲಿಂದಲೇ ನೋಡಿ, “ಯಾಕೋ ಯಪ್ಪಾ, ಕೈ ಯಾಕ್ ಹಿಡದಿ? ಹೊಟ್ಟಿ ತುಂಬಾ ಉಣ್ಣು” ಅಂದಳು. ಹಬೆಯಾಡುವ ರೊಟ್ಟಿಯೊಂದು ತಾಟಿಗೆ ಬಂದು ಬಿತ್ತು. ಖಾನಾವಳಿ ಎಂದರೇನೆಂದು ನನಗೆ ತಿಳಿದದ್ದು ಆ ಮೂರನೆಯ ರೊಟ್ಟಿಯಿಂದ.

ಆ ರೊಟ್ಟಿಯ ಹಿಂದೆ ದೊಡ್ಡ ವಿದ್ಯೆಯಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುವ ಬಿಸಿಯಲ್ಲೇ ಅಂಗೈಯಿಂದ ತಿಕ್ಕಿ ತಿಕ್ಕಿ ನಾದಬೇಕು. ಹಿಟ್ಟು ಆರಿದರೆ ಅಂಚು ಸೀಳುತ್ತದೆ. ಬಡಿಯುವಾಗ ಒಂದು ಕೈ ಹರಡಿದರೆ ಇನ್ನೊಂದು ಅಂಚು ಕಾಯುತ್ತ ತಿರುಗಿಸುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರುವ ಹೊತ್ತಿಗೆ ಮಗುಚಿ, ಕಡೆಗೆ ಕೆಂಡದೆದುರು ನಿಲ್ಲಿಸಿದರೆ ಚೆಂಡಿನಂತೆ ಉಬ್ಬುತ್ತದೆ. ಹೀಗೆ ಒಂದೊಂದಾಗಿ, ಹೊತ್ತಿಗೆ ನೂರಾರು. ನಮ್ಮ ಎರಿ ಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿ ಮಾಲದಂಡಿ ಜೋಳವಾದರೆ ರೊಟ್ಟಿಗೆ ತಾನಾಗಿಯೇ ಸಿಹಿ. ಎಂ 35-1 ಎಂಬ ಆ ತಳಿಯನ್ನು 1930ರ ದಶಕದಲ್ಲಿ ಆರಿಸಿ ತೆಗೆದದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ. ಬೇಳೆಯಂತೂ ನಮ್ಮದೇ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಮಾನ್ಯತೆಗಿಂತ ಎಷ್ಟೋ ಮೊದಲೇ ಖಾನಾವಳಿಯ ಸಾರು ಅದರ ಗುಣವನ್ನು ಊರೂರಿನವರಿಗೆ ತಿಳಿಸಿತ್ತು.

ನಮ್ಮ ಹಳ್ಳಿಗಳಿಂದ ಕಲಬುರಗಿಗೆ ಓದಲು ಹೋದ ಮಕ್ಕಳಿಗೆ ಊರ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಬಸ್ಸು ತಪ್ಪಿದ ದಿನ, ಮಳೆಗೆ ಹಳ್ಳ ಬಂದ ದಿನ, ಮನೆಯಲ್ಲೇ ಹಿಟ್ಟು ತೀರಿದ ದಿನ ಆ ಮಕ್ಕಳನ್ನು ಕಾಯ್ದದ್ದು ಖಾನಾವಳಿ. ತಿಂಗಳ ರೊಕ್ಕ ತಡವಾದರೂ ಉದ್ರಿ ಪುಸ್ತಕದಲ್ಲಿ ಒಂದು ಗೆರೆ ಬೀಳುತ್ತಿತ್ತು, ತಾಟು ತಪ್ಪುತ್ತಿರಲಿಲ್ಲ. ಇಂದು ನಮ್ಮ ಭಾಗದಲ್ಲಿ ವೈದ್ಯರು, ವಕೀಲರು, ಎಂಜಿನಿಯರುಗಳು ಎನಿಸಿಕೊಂಡ ಎಷ್ಟೋ ಜನರ ಮೊದಲ ವಿದ್ಯಾರ್ಥಿ ವೇತನ ಆ ಉದ್ರಿ ಪುಸ್ತಕವೇ.

ದೂರದ ಒಂದು ಹೋಲಿಕೆ

ಇದನ್ನು ಬರೆಯುವಾಗ ಅಮೆರಿಕದ ಒಂದು ಸಂಗತಿ ನೆನಪಾಗುತ್ತದೆ. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಲಿಯವರು ಅಲ್ಲಿಗೆ ವಲಸೆ ಹೋದರು. ಹೆಚ್ಚಿನವರು ದಕ್ಷಿಣ ಇಟಲಿಯ ಬಡ ಹಳ್ಳಿಗಳವರು. ಒಂಟಿಯಾಗಿ ದುಡಿಯಲು ಹೋದ ಗಂಡಸರಿಗೆ ಅವರ ಊರಿನ ಹೆಣ್ಣುಮಕ್ಕಳೇ ಮನೆಗಳಲ್ಲಿ ಊಟ ಹಾಕುತ್ತಿದ್ದರು. ಅಂಥ ಅಡಿಗೆಮನೆಗಳಿಂದಲೇ ಅಲ್ಲಿನ ಎಷ್ಟೋ ಇಟಾಲಿಯನ್ ಹೋಟೆಲುಗಳು ಬೆಳೆದವು. ಕಡೆಗೆ ದೊಡ್ಡ ಕಂಪನಿಗಳು ಆ ರುಚಿಯನ್ನು ಎತ್ತಿಕೊಂಡವು. 1982ರಲ್ಲಿ ಫ್ಲಾರಿಡಾದ ಒರ್‍ಲ್ಯಾಂಡೊದಲ್ಲಿ ಜನರಲ್ ಮಿಲ್ಸ್ ಕಂಪನಿ ತೆರೆದ ‘ಆಲಿವ್ ಗಾರ್ಡನ್’ ಇಂದು 800ಕ್ಕೂ ಹೆಚ್ಚು ಶಾಖೆಗಳ ಸರಣಿ.

ಇಟಲಿಯ ಅಡಿಗೆ ಬಲ್ಲವರು ಅಲ್ಲಿನ ರುಚಿಯನ್ನು ಒಪ್ಪುವುದಿಲ್ಲ. ಸಾಮಾನ್ಯ ಕುಟುಂಬಗಳು ಮಾತ್ರ ವಾರದ ಕೊನೆಗೆ ಅಲ್ಲಿಗೇ ಹೋಗುತ್ತವೆ. ಕಾರಣ ಸರಳ. ಯಾವ ಊರಿಗೆ ಹೋದರೂ ಅದೇ ತಿನಿಸು. ಎಷ್ಟು ಖರ್ಚಾಗುತ್ತದೆಂದು ಮೊದಲೇ ಅಂದಾಜು. ಬುಟ್ಟಿಯ ಬ್ರೆಡ್ಡು, ಸೂಪು, ಸಲಾಡು ಕೇಳಿದಷ್ಟು. ಉಡುಪು, ನಡೆನುಡಿ ನೋಡಿ ಯಾರೂ ಅಳೆಯುವುದಿಲ್ಲ.

ಈ ಎಲ್ಲ ಗುಣಗಳೂ ನಮ್ಮ ಖಾನಾವಳಿಗೆ ಕಂಪನಿಯಿಲ್ಲದೆ ಬಂದವು. ಆಳಂದದಲ್ಲಿ ಉಂಡವನು ಅಫಜಲಪುರದಲ್ಲಿ ಕುಳಿತರೂ ತಾಟಿನಲ್ಲಿ ಏನಿರುತ್ತದೆಂದು ಬಲ್ಲ. ಎಲ್ಲೆಡೆ ಒಂದೇ ಊಟ ಇರಬೇಕೆಂದು ಯಾರೂ ಆದೇಶ ಹೊರಡಿಸಲಿಲ್ಲ. ಒಂದೇ ಮಣ್ಣು, ಒಂದೇ ಜೋಳ, ತಾಯಿಂದ ಮಗಳಿಗೆ ಇಳಿದ ಒಂದೇ ಕೈಚಳಕ ಆ ಕೆಲಸ ಮಾಡಿದವು. ಮನೆ ಬಿಟ್ಟು ಬಂದವನಿಗೆ ಬೇಕಾದದ್ದು ಹೊಸ ರುಚಿಯಲ್ಲ, ತಾನು ಪರಕೀಯನಲ್ಲ ಎಂಬ ಭರವಸೆ. ಖಾನಾವಳಿಯ ಆಕರ್ಷಣೆ ಇಷ್ಟೇ, ಮತ್ತು ಇದು ಸಣ್ಣದಲ್ಲ.

ಹಲಗೆಯ ಮೇಲಿನ ಹೆಸರು

ಇತಿಹಾಸ ಬರೆಯುವವನು ಕಹಿಯನ್ನೂ ಬರೆಯಬೇಕು. ಖಾನಾವಳಿಯ ಹಲಗೆಯ ಮೇಲೆ ಬಹುಕಾಲ ಜಾತಿಯ ಹೆಸರಿತ್ತು, ಕೆಲವೆಡೆ ಇನ್ನೂ ಇದೆ. ಅದು ಶಾಕಾಹಾರದ ಗುರುತು ಎಂದು ಹೇಳುವವರಿದ್ದಾರೆ. ಆದರೆ ಆ ಹಲಗೆ ಓದಿ ಹಸಿದ ಹೊಟ್ಟೆಯಲ್ಲೇ ಮುಂದೆ ನಡೆದವರಿದ್ದರು. ಪ್ರತ್ಯೇಕ ಲೋಟ ಕಂಡವರಿದ್ದರು. ಹೋಟೆಲು, ಉಪಾಹಾರ ಗೃಹಗಳಲ್ಲಿ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಹಾಗೆ ತಡೆಯುವವರಿಗೆ ಶಿಕ್ಷೆ ಗೊತ್ತುಮಾಡಿತು. ದಾಸೋಹವನ್ನು ಲೋಕಕ್ಕೆ ಕಲಿಸಿದ ಬಸವಣ್ಣನ ಪಟದ ಕೆಳಗೆ ಒಬ್ಬನಿಗೂ ಊಟ ತಪ್ಪಬಾರದಿತ್ತು. ಹೊಸ ಹಲಗೆಗಳಲ್ಲಿ ಶರಣರ ಹೆಸರು, ಊರದೇವರ ಹೆಸರು, ಅಕ್ಕನ ಹೆಸರು ಕಾಣುತ್ತಿವೆ. ಇದು ಒಳ್ಳೆಯ ಬದಲಾವಣೆ, ಪೂರ್ತಿಯಾಗಬೇಕು.

ಇಂದು, ಮುಂದೆ

ಜೋಳದ ಹೊಲಗಳನ್ನು ತೊಗರಿ, ಹತ್ತಿ, ಕಬ್ಬು ಆವರಿಸಿವೆ. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾಗಿವೆ, ಸೌದೆ ಒಲೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ತಾಯಂದಿರು ಆ ಕೆಲಸ ಮಗಳಿಗೆ ಬೇಡವೆನ್ನುವುದು ನ್ಯಾಯವೇ. ಇನ್ನೊಂದೆಡೆ, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಜೋಳಕ್ಕೆ ಹೊಸ ಮರ್ಯಾದೆ ಬಂದಿದೆ. ಜಿಲ್ಲೆಯ ಸ್ವಸಹಾಯ ಸಂಘಗಳ ಮಹಿಳೆಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ರೊಟ್ಟಿ ಮಾಡಿ ದೂರದ ಊರುಗಳಿಗೂ ಕಳಿಸುತ್ತಿದ್ದಾರೆ. ಖಾನಾವಳಿಯ ತಾಯಂದಿರಿಗೆ ಸಿಗದ ಹೆಸರು, ಬ್ಯಾಂಕಿನ ಖಾತೆ, ಲಾಭದ ಪಾಲು ಇವರಿಗೆ ಸಿಗುತ್ತಿದೆ. ಆ ತಾಯಂದಿರ ದೊಡ್ಡ ಋಣವನ್ನು ನಾವು ಹೀಗಾದರೂ ತೀರಿಸತೊಡಗಿದ್ದೇವೆ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಖಾನಾವಳಿಯ ಹಳೆಯ ಹಲಗೆಯೋ ಉದ್ರಿ ಪುಸ್ತಕವೋ ತಿಂಗಳ ಊಟದ ಚೀಟಿಯೋ ಇದ್ದರೆ ರದ್ದಿಗೆ ಹಾಕಬೇಡಿ. ನಿಮಗೆ ಉಣಿಸಿದ ಆ ತಾಯಿಯ ಹೆಸರು, ಊರು, ಒಲೆ ಹೊತ್ತಿಸಿದ ವರ್ಷ ನೆನಪಿದ್ದರೆ ಒಂದು ಹಾಳೆಯಲ್ಲಿ ಬರೆದು, ಊರಿನ ಗ್ರಂಥಾಲಯಕ್ಕೋ ಶಾಲೆಗೋ ಕೊಡಿ. ಈ ಸಂಸ್ಥೆಯ ಮುಂದಿನ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ ಸಂಸ್ಥಾಪಕಿಯರ ಹೆಸರುಗಳಿರಲಿ.