ಹಿನ್ನೀರಿನ ಕೆಳಗಿನ ಒಲೆ

ನಮ್ಮ ಮನೆಯಲ್ಲಿ ಚರಿತ್ರೆಯ ಪಾಠ ಶುರುವಾದದ್ದು, ಕೊಟ್ಟು ಕಳಿಸಿದ ಹಾಗೆಯೇ ತುಂಬಿ ವಾಪಸು ಬಂದ ಒಂದು ಊಟದ ಡಬ್ಬಿಯಿಂದ.

2024ರ ಅಕ್ಟೋಬರ್ ತಿಂಗಳು. ಸಾಗರದಿಂದ ಅಮ್ಮ ಬಂದು ಎರಡು ವಾರವಾಗಿತ್ತು. ಆರು ತಿಂಗಳ ಮಟ್ಟಿಗೆ ಬಂದವಳು ಮೊದಲ ದಿನವೇ ಅಡುಗೆಮನೆಯನ್ನು ವಹಿಸಿಕೊಂಡಿದ್ದಳು. ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ಸೂಟ್‌ಕೇಸಿನಲ್ಲಿ ತಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು ಎಲ್ಲಕ್ಕೂ ಕಪಾಟಿನಲ್ಲಿ ಒಂದೊಂದು ಜಾಗವಾಗಿತ್ತು. ಏಸಿ ಮನೆಯಲ್ಲಿ ದೋಸೆ ಹಿಟ್ಟು ಹುದುಗುವುದಿಲ್ಲವೆಂದು ನಾನು ಅವನ್ ಒಳಗೆ ಪಾತ್ರೆಯಿಟ್ಟು ರಾತ್ರಿಯಿಡೀ ಅದರ ದೀಪ ಹಚ್ಚಿಡುವುದನ್ನು ನೋಡಿ, "ಕರೆಂಟು ದಂಡ" ಎಂದು ಗೊಣಗುತ್ತಿದ್ದಳು.

ಆ ದಿನ ನಾಲ್ಕನೇ ತರಗತಿಯ ಮಗಳ ಡಬ್ಬಿಗೆ ದೊಡ್ಡಪತ್ರೆ ತಂಬುಳಿ ಕಲಸಿದ ಅನ್ನ ಹಾಕಿ, ಮೂಲೆಯಲ್ಲಿ ಒಂದು ಮಿಡಿ ಇಟ್ಟಿದ್ದಳು. ಸಂಜೆ ಡಬ್ಬಿ ಹಾಗೆಯೇ ಬಂತು. "ಪಕ್ಕದಲ್ಲಿ ಕೂತವಳು ಮೂಗು ಮುಚ್ಚಿಕೊಂಡಳು. ನಾಳೆಯಿಂದ ಬ್ರೆಡ್ ಕೊಡು" ಅಂದಳು ಮಗಳು. ಅಮ್ಮ ಏನೂ ಅನ್ನಲಿಲ್ಲ. ಆ ಅನ್ನವನ್ನು ತಾನೇ ಉಂಡು ಡಬ್ಬಿ ತೊಳೆದಿಟ್ಟಳು.

ಅದೇ ವಾರ ಶಾಲೆಯಿಂದ ಒಂದು ಹೋಂವರ್ಕ್ ಬಂತು. ಟೆಕ್ಸಸ್ ಶಾಲೆಗಳಲ್ಲಿ ನಾಲ್ಕನೇ ತರಗತಿಗೆ ಟೆಕ್ಸಸ್ ರಾಜ್ಯದ ಚರಿತ್ರೆ ಕಲಿಸುತ್ತಾರೆ. ನಿಮ್ಮ ಊರು ಮೊದಲು ಹೇಗಿತ್ತು, ನಿಮ್ಮ ಮನೆಯ ಹಿರಿಯರು ಚಿಕ್ಕವರಿದ್ದಾಗ ಏನು ತಿನ್ನುತ್ತಿದ್ದರು, ಏನು ಆಡುತ್ತಿದ್ದರು, ಕೇಳಿ ಬರೆಯಿರಿ ಎಂಬುದು ಕೆಲಸ. ಮಗಳು ಪುಸ್ತಕ ಹಿಡಿದು ಅಮ್ಮಮ್ಮನ ಮುಂದೆ ಕೂತಳು. "ಎಂತ ಬರೆಯದು ಕೂಸೇ? ಗಂಜಿ ಉಂಡಿದ್ದನ್ನೆಲ್ಲ ಯಾರಾದ್ರೂ ಬರೀತಾರಾ?" ಎಂದು ಅಮ್ಮ ನಕ್ಕು, ನಾಲ್ಕು ವರ್ಷದ ಮಾಣಿಗೆ ತುತ್ತು ಕೊಡಲು ಎದ್ದುಹೋದಳು.

ಹಾಗಾಗಿ ಮೊದಲು ಊರಿನ ಚರಿತ್ರೆಯನ್ನು ಹುಡುಕುವುದೆಂದಾಯಿತು. ಏಳು ವರ್ಷದಿಂದ ಇಲ್ಲಿದ್ದರೂ ಲಿಟಲ್ ಎಲ್ಮ್ ಬಗ್ಗೆ ನನಗೆ ಗೊತ್ತಿದ್ದದ್ದು ಮನೆಯ ಬೆಲೆ, ಶಾಲೆಯ ರೇಟಿಂಗು, ಇಂಡಿಯನ್ ಅಂಗಡಿಗೆ ಎಷ್ಟು ಮೈಲಿ ಎಂಬುದಷ್ಟೇ. 2000ದ ಜನಗಣತಿಯಲ್ಲಿ ಈ ಊರಿನಲ್ಲಿ 3,646 ಜನರಿದ್ದರು, 2010ರಲ್ಲಿ 25,898, 2020ರಲ್ಲಿ 46,453. ಅಂದರೆ ಇಲ್ಲಿರುವ ಬಹುಪಾಲು ಜನ ನಮ್ಮಂತೆ ನಿನ್ನೆ ಮೊನ್ನೆ ಬಂದವರೇ. ಹೊಸಬರ ಊರಿಗೆ ಹಳೆಯ ಕಥೆ ಇರುವುದಿಲ್ಲವೆಂದು ನಾನೂ ನಂಬಿದ್ದೆ.

ಆದರೆ ಊರು ಹಳೆಯದು. 1841ರಲ್ಲಿ ಟೆಕ್ಸಸ್ ಇನ್ನೂ ಸ್ವತಂತ್ರ ಗಣರಾಜ್ಯವಾಗಿದ್ದಾಗ, ಜನರನ್ನು ಕರೆತಂದು ನೆಲೆಗೊಳಿಸಲು ಪೀಟರ್ಸ್ ಕಾಲನಿ ಎಂಬ ಗುತ್ತಿಗೆ ಕೊಟ್ಟರು. ಸಂಸಾರಸ್ಥನಿಗೆ 640 ಎಕರೆ, ಒಂಟಿ ಗಂಡಸಿಗೆ 320 ಎಕರೆ. ಸಂಸಾರಸ್ಥನಾದರೆ ದುಪ್ಪಟ್ಟು ನೆಲ! ಹಾಗೆ ಬಂದ ಬಿಳಿಯರಲ್ಲಿ ಕಿಂಗ್ ಎಂಬ ಮನೆತನದವರು 1844ರ ಹೊತ್ತಿಗೆ ಇಲ್ಲಿ ನೆಲೆಸಿದರು. ಮರುವರ್ಷ ಅಂಚೆ ಕಚೇರಿ ಬಂತು. ಎಲ್ಮ್ ಮರಗಳಿದ್ದ ತೊರೆಯ ಹೆಸರೇ ಊರಿಗೂ ಬಂತು. ಅವರು ಬರುವ ಮೊದಲು ನೆಲ ಖಾಲಿಯಿತ್ತೆಂದಲ್ಲ. ಕಾಡೊ, ವಿಚಿಟಾ, ಕಮಾಂಚಿ ಜನರ ಓಡಾಟದ ಸೀಮೆ ಇದು.

"ಆ ಕಿಂಗ್ ಮನೆಯ ಮಕ್ಕಳು ಏನು ತಿನ್ನುತ್ತಿದ್ದರು?" ಎಂದು ಮಗಳು ಕೇಳಿದಳು. ಅದನ್ನು ಯಾರೂ ಬರೆದಿಡಲಿಲ್ಲ. ಎಷ್ಟು ಎಕರೆ, ಯಾವ ವರ್ಷ ಅಂಚೆ ಎಂಬುದು ಕಾಗದದಲ್ಲಿದೆ. ಊಟ ಇಲ್ಲ. ಆ ಕಾಲದ ಟೆಕ್ಸಸ್ ಊಟದ ಬಗ್ಗೆ ಒಂದು ಸಾಕ್ಷಿಯೇನೋ ಸಿಕ್ಕಿತು, ಅದೂ ಒಬ್ಬ ಅತಿಥಿಯ ದೂರಿನಿಂದ. ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿ ಹೆಸರಾದ ಫ್ರೆಡರಿಕ್ ಲಾ ಓಮ್‌ಸ್ಟೆಡ್ 1853-54ರ ಚಳಿಗಾಲದಲ್ಲಿ ಕುದುರೆಯ ಮೇಲೆ ಟೆಕ್ಸಸ್ ಸುತ್ತಿದ. ಹೋದ ಮನೆಯಲ್ಲೆಲ್ಲ ಮೆಕ್ಕೆಜೋಳದ ಬ್ರೆಡ್ಡು, ಕರಿದ ಹಂದಿಮಾಂಸ, ಕಾಫಿ. ಮತ್ತೆ ಅದೇ ಬ್ರೆಡ್ಡು, ಅದೇ ಮಾಂಸ. ಬೇಸತ್ತು ಆತ 1857ರ ತನ್ನ ಪ್ರವಾಸ ಪುಸ್ತಕದಲ್ಲಿ ಅದನ್ನು ಹೇಳಿಕೊಂಡ. ಆ ಮನೆಗಳ ಹೆಂಗಸರಿಗೆ ಅದು ಬರೆಯುವ ಸಂಗತಿ ಅನ್ನಿಸಿರಲಾರದು. ನಮ್ಮಮ್ಮನ ಮಾತೂ ಅದೇ ಆಗಿತ್ತಲ್ಲ. ಡಬ್ಬಿ ವಾಪಸು ತಂದ ಮಗಳನ್ನು ನಾನು ಆಮೇಲೆ ಬೈಯಲಿಲ್ಲ. ದೂರುವವರೂ ಇಲ್ಲದಿದ್ದರೆ ದಿನದ ಊಟದ ಲೆಕ್ಕ ಉಳಿಯುವುದೇ ಕಷ್ಟ.

ಭಾನುವಾರ ಸಂಜೆ ಎಲ್ಲರೂ ಲಿಟಲ್ ಎಲ್ಮ್ ಪಾರ್ಕಿಗೆ ಹೋದೆವು. ಎಲ್ಡೊರಾಡೊ ರಸ್ತೆಯ ಪಕ್ಕದಲ್ಲೇ ಮರಳಿನ ದಂಡೆ ಇದೆ. ನಮ್ಮ ಮಕ್ಕಳ ವಾರದ ಹಬ್ಬವೇ ಅದು. ಮಾಣಿ ಮರಳಲ್ಲಿ ಗುಂಡಿ ತೋಡುತ್ತಾನೆ, ಅಕ್ಕ ನೀರು ತಂದು ಸುರಿಯುತ್ತಾಳೆ, ನನ್ನವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾರೆ. ಅಮ್ಮ ಅಲ್ಲಿ ಇಳಿದವಳು ನೀರನ್ನು ಒಮ್ಮೆ ನೋಡಿದಳು. ದಂಡೆಯಾಚೆ ನೀರಿನಿಂದ ಎದ್ದ ಒಣಬೊಡ್ಡೆಗಳನ್ನು ನೋಡಿದಳು. "ಇದು ಕೆರೆ ಅಲ್ಲ, ಹಿನ್ನೀರು" ಅಂದಳು. ಆಮೇಲೆ ಬೆಂಚಿನ ಮೇಲೆ ನೀರಿಗೆ ಬೆನ್ನು ಹಾಕಿ, ಪಾರ್ಕಿಂಗ್ ಕಡೆ ಮುಖ ಮಾಡಿ ಕೂತಳು. ಮರುವಾರವೂ ಹಾಗೆಯೇ.

ಅವಳು ಹೇಳಿದ್ದು ನಿಜ. ಡಾಲಸ್ ನಗರದ ಕುಡಿಯುವ ನೀರಿಗೆಂದು 1927ರಲ್ಲಿ ಇಲ್ಲಿ ಗಾರ್ಜಾ ಅಣೆಕಟ್ಟು ಮುಗಿದು, ಲೇಕ್ ಡಾಲಸ್ ಎಂಬ ಜಲಾಶಯವಾಯಿತು. ಅದು ಸಾಲದಾಯಿತು. 1948ರಲ್ಲಿ ಸೇನೆಯ ಎಂಜಿನಿಯರುಗಳು ಕೆಳಗಡೆ ಇನ್ನೊಂದು, ಬಹಳ ದೊಡ್ಡ ಅಣೆಕಟ್ಟು ಕಟ್ಟಲು ಶುರುಮಾಡಿದರು. 1950ರ ದಶಕದ ಭೀಕರ ಬರಗಾಲದ ನಡುವೆ ಅದು ಮುಗಿಯಿತು. 1957ರಲ್ಲಿ ಹಳೆಯ ಗಾರ್ಜಾ ಅಣೆಕಟ್ಟನ್ನು ಒಡೆದು ಎರಡೂ ನೀರನ್ನು ಸೇರಿಸಿದರು. ಈಗ ಅದಕ್ಕೆ ಲೂಯಿಸ್‌ವಿಲ್ ಲೇಕ್ ಎಂದು ಹೆಸರು. ನೀರಿನ ಮಟ್ಟ ಸಮುದ್ರದಿಂದ 522 ಅಡಿ.

ಇದನ್ನು ಓದುವಾಗ ನನಗೆ ಇನ್ನೊಂದು ಸಂಖ್ಯೆ ನೆನಪಾಯಿತು: 1819. ಲಿಂಗನಮಕ್ಕಿ ತುಂಬಿದಾಗಿನ ಮಟ್ಟ, ಅಡಿಗಳಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆಯ ಪೇಪರುಗಳಲ್ಲಿ ದಿನವೂ ಅದೇ ಸುದ್ದಿ, ಇನ್ನೆಷ್ಟು ಅಡಿ ಬಾಕಿ ಎಂದು. ಅಲ್ಲಿಯೂ ಹಳೆಯ ಅಣೆಕಟ್ಟನ್ನು ಹೊಸ ಅಣೆಕಟ್ಟು ನುಂಗಿದೆ. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1964ರಲ್ಲಿ ಲಿಂಗನಮಕ್ಕಿಯ ನೀರು ಅದನ್ನೂ ಮುಚ್ಚಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಈಗಲೂ ಅದರ ಗೋಡೆ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಅಮ್ಮ ಹೋದದ್ದಿಲ್ಲ. ಕರೂರು ಹೋಬಳಿಯ ಅವಳ ಹುಟ್ಟಿದ ಮನೆ ಆ ನೀರಿನ ಕೆಳಗಿದೆ ಎಂಬುದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಶರಾವತಿಯ ಕರೆಂಟು ಬೆಂಗಳೂರನ್ನು ಬೆಳಗಿತು. ಜಾಗ ಬಿಟ್ಟುಕೊಟ್ಟ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿ ದೀಪವೇ ಇತ್ತು. ಅನೇಕ ಕುಟುಂಬಗಳಿಗೆ ಕೊಟ್ಟ ನೆಲದ ಹಕ್ಕುಪತ್ರ ಇವತ್ತಿಗೂ ಬಗೆಹರಿದಿಲ್ಲ.

ಅಮ್ಮನ ಬಾಯಿ ಬಿಡಿಸಿದ್ದು ನಮ್ಮ ಲೇಕಿನ ಕೆಳಗೆ ಸಿಕ್ಕ ಒಂದು ವಸ್ತು.

ಲೂಯಿಸ್‌ವಿಲ್ ಅಣೆಕಟ್ಟಿಗೆ ಮಣ್ಣು ತೆಗೆಯುವಾಗ ನೆಲದಡಿಯಲ್ಲಿ ಸುಟ್ಟು ಕೆಂಪಾದ ಮಣ್ಣಿನ ಗುಂಡಿಗಳು ಕಂಡವು. ಡಾಲಸ್ಸಿನ ಹವ್ಯಾಸಿ ಪುರಾತತ್ವಜ್ಞರಾದ ಕ್ರುಕ್ ಮತ್ತು ಹ್ಯಾರಿಸ್ ಅಗೆದು ನೋಡಿ, ಇವು ಒಲೆಗಳು ಅಂದರು. ಇದ್ದಿಲನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದರೆ 37,000 ವರ್ಷಕ್ಕೂ ಹಳೆಯದು ಎಂದು ಉತ್ತರ ಬಂತು. ಅಷ್ಟು ಹಿಂದೆ ಅಮೆರಿಕದಲ್ಲಿ ಮನುಷ್ಯರೇ ಇರಲಿಲ್ಲವೆಂಬ ನಂಬಿಕೆಯ ಕಾಲ ಅದು. ದೊಡ್ಡ ಜಗಳವೇ ಆಯಿತು. ಅಷ್ಟರಲ್ಲಿ 1957 ಬಂತು, ಜಾಗ ಮುಳುಗಿತು, ಮತ್ತೆ ಅಗೆದು ನೋಡುವ ಹಾಗಿರಲಿಲ್ಲ. ಇಪ್ಪತ್ತು ವರ್ಷ ಪ್ರಶ್ನೆ ನೀರಿನ ಕೆಳಗೇ ಉಳಿಯಿತು. 1970ರ ದಶಕದ ಕೊನೆಗೆ ಬರ ಬಂದು ನೀರು ಇಳಿದಾಗ ಸ್ಮಿತ್‌ಸೋನಿಯನ್ ಸಂಸ್ಥೆಯ ಡೆನ್ನಿಸ್ ಸ್ಟ್ಯಾನ್‌ಫರ್ಡ್ ತಂಡ ಬಂದು ಮತ್ತೆ ಅಗೆಯಿತು. ಗುಟ್ಟು ಆಗ ಬಯಲಾಯಿತು. ಆ ಜನ ಸೌದೆಯ ಜೊತೆಗೆ ಲಿಗ್ನೈಟ್, ಅಂದರೆ ನೆಲದಲ್ಲಿ ಸಿಗುವ ಕಂದು ಕಲ್ಲಿದ್ದಲನ್ನೂ ಉರಿಸಿದ್ದರು. ಕೋಟ್ಯಂತರ ವರ್ಷದ ಕಲ್ಲಿದ್ದಲು ಬೂದಿಗೆ ಬೆರೆತು, ಒಲೆಯ ವಯಸ್ಸನ್ನು ಸುಳ್ಳಾಗಿ ಹೆಚ್ಚಿಸಿತ್ತು. ಒಲೆಗಳು ಕ್ಲೋವಿಸ್ ಕಾಲದವು, ಸುಮಾರು 13,000 ವರ್ಷದ ಹಿಂದಿನವು ಎಂದು ತೀರ್ಮಾನವಾಯಿತು. ಅವುಗಳಲ್ಲಿ ಹ್ಯಾಕ್‌ಬೆರಿ ಹಣ್ಣಿನ ಬೀಜಗಳಿದ್ದವು, ಸಣ್ಣಪುಟ್ಟ ಪ್ರಾಣಿಗಳ ಮೂಳೆಗಳಿದ್ದವು. ಕ್ಲೋವಿಸ್ ಅಂದರೆ ಆನೆಯಂಥ ಮ್ಯಾಮತ್‌ಗಳನ್ನು ಬೇಟೆಯಾಡಿದವರ ಚಿತ್ರವೇ ಪುಸ್ತಕಗಳಲ್ಲಿರುತ್ತದೆ. ಇಲ್ಲಿ ಸಿಕ್ಕಿದ್ದು ಮಕ್ಕಳೂ ಆರಿಸಿ ತರಬಹುದಾದ ಕಾಡುಹಣ್ಣಿನ ಬೀಜ.

ಒಂದು ರಾತ್ರಿ ಹಪ್ಪಳ ಕರಿಯುತ್ತಿದ್ದ ಅಮ್ಮನಿಗೆ ಇದನ್ನು ಹೇಳಿದೆ. ಅವಳ ಕೈ ನಿಂತಿತು. "ಒಲೆ ಹಾಗೇ ಇತ್ತಾ? ಇಪ್ಪತ್ತು ವರ್ಷ ನೀರಲ್ಲಿದ್ದೂ?"

"ಹಾಗೇ ಇತ್ತಂತೆ."

ಗ್ಯಾಸ್ ಆರಿಸಿ ಊಟದ ಮೇಜಿಗೆ ಬಂದು ಕೂತಳು. ಆಗ ಅವಳಿಗೆ ಏಳು ವರ್ಷ ತುಂಬಿತ್ತಂತೆ. ಊರು ಬಿಡುವ ದಿನ ಬೆಳಿಗ್ಗೆ ಅವಳಮ್ಮ ಎಲ್ಲರಿಗೂ ಗಂಜಿ ಬಡಿಸಿದ್ದಳು, ನೆಂಚಿಕೊಳ್ಳಲು ಅಪ್ಪೆಮಿಡಿ. ಹೊಳೆದಂಡೆಯ ಅವರದೇ ಮರದ ಮಿಡಿ. ಮರವನ್ನು ಅದಾಗಲೇ ಕಡಿದಾಗಿತ್ತು. ಉಂಡಾದ ಮೇಲೆ ಪಾತ್ರೆಗಳನ್ನೆಲ್ಲ ಕಟ್ಟಿ ಲಾರಿಗೆ ಹಾಕಿದರು. ಅವಳಮ್ಮ ಮಾತ್ರ ಹೊರಗೆ ಬರಲಿಲ್ಲ. ಒಲೆ ತಣಿಯುವುದನ್ನೇ ಕಾದು, ಬೂದಿ ತೆಗೆದು, ಸಗಣಿಯಲ್ಲಿ ಸಾರಿಸಿ, ಅಂಚಿಗೆ ಶೇಡಿಯ ಗೆರೆ ಎಳೆಯುತ್ತ ಕೂತಿದ್ದಳು. ನೀರು ನುಂಗುವ ಒಲೆಗೆ ಶೇಡಿ ಯಾಕೆಂದು ಅಜ್ಜ ಕೂಗಾಡಿದರು. ಅವಳು ಉತ್ತರ ಕೊಡಲಿಲ್ಲ. ಗೆರೆ ಮುಗಿಸಿಯೇ ಎದ್ದಳು. ಲಾರಿಯಲ್ಲಿ ದಾರಿಯುದ್ದಕ್ಕೂ ಉಪ್ಪಿನಕಾಯಿ ಭರಣಿ ಅವಳ ತೊಡೆಯ ಮೇಲಿತ್ತು. ಆ ಮಿಡಿ ಎರಡು ವರ್ಷ ಬಂತು. ಮುಗಿದ ಮೇಲೂ ಭರಣಿಯನ್ನು ಬಹಳ ದಿನ ತೊಳೆದಿರಲಿಲ್ಲ.

"ನೀನು ಏನು ಆಡ್ತಿದ್ದೆ?" ಮಗಳು ಪೆನ್ಸಿಲ್ ಹಿಡಿದು ಯಾವಾಗ ಬಂದು ನಿಂತಿದ್ದಳೋ ತಿಳಿಯದು.

"ಕಲ್ಲಾಟ. ಹೊಳೆಯ ಐದು ಕಲ್ಲು ತಂದಿದ್ದೆ, ಹೊಸ ಊರಲ್ಲಿ ಕಳೆದುಹೋತು" ಅಂದಳು ಅಮ್ಮ. ಆಮೇಲೆ ಆಡುವುದು ಹೇಗೆಂದು ತೋರಿಸಲು ಬಟ್ಟಲಿಂದ ಐದು ಪಿಕಾನ್ ಕಾಯಿ ತೆಗೆದುಕೊಂಡಳು. ಮಾಣಿ ಎರಡನ್ನು ಹಾರಿಸಿಕೊಂಡು ಓಡಿದ.

ಮಗಳು ಎರಡು ಪುಟ ಬರೆದಳು. ಗಾರ್ಜಾ ಅಣೆಕಟ್ಟೂ ಅದರಲ್ಲಿತ್ತು, ಗಂಜಿಯೂ ಇತ್ತು. ಶೇಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಕೇಳಿದಳು. ಬಿಳಿ ಮಣ್ಣು ಎಂದು ಬರೆಸಿದೆ. ಬರೆದು ಮುಗಿಸಿ ತಾನಾಗಿಯೇ ಒಂದು ಮಿಡಿ ಕೇಳಿ ಕಚ್ಚಿದಳು. ಮುಖ ಹಿಂಡಿ ಅರ್ಧ ತಿಂದು ಬಿಟ್ಟಳು. ಅವಳ ಶಾಲೆಯ ಡಬ್ಬಿಗೆ ಮಾತ್ರ ತಂಬುಳಿ ಮತ್ತೆ ಹೋಗಲಿಲ್ಲ. ಈಗಲೂ ಬ್ರೆಡ್ಡೇ. ಆದರೆ ಭಾನುವಾರ ಲೇಕಿನಿಂದ ಬಂದ ಮೇಲೆ ತಂಬುಳಿ ಅನ್ನ ಎಂಬುದು ಆ ಚಳಿಗಾಲದಿಂದ ಮನೆಯ ಪದ್ಧತಿಯಾಗಿದೆ. ಯಾರೂ ಮೂಗು ಮುಚ್ಚುವುದಿಲ್ಲ.

ಮಾರ್ಚಿನಲ್ಲಿ ಅಮ್ಮ ಊರಿಗೆ ಹೊರಟಳು. ಹೋಗುವ ಹಿಂದಿನ ದಿನ ನಾನು ಎದ್ದು ಬರುವಷ್ಟರಲ್ಲಿ ನಮ್ಮ ಗ್ಯಾಸ್ ಒಲೆಯನ್ನು ಬಿಚ್ಚಿ, ತಟ್ಟೆ ಬರ್ನರುಗಳನ್ನೆಲ್ಲ ತಿಕ್ಕಿ ಹೊಳೆಯಿಸಿ ಇಟ್ಟಿದ್ದಳು. ನಾನು ನೋಡಿದೆ, ಏನೂ ಕೇಳಲಿಲ್ಲ.

ನಮ್ಮ ಲೇಕಿಗೆ ಅಡ್ಡಲಾಗಿ 2009ರಲ್ಲೇ 1.7 ಮೈಲಿ ಉದ್ದದ ಟೋಲ್ ಸೇತುವೆಯಾಗಿದೆ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದಾಟಲು ಜನ ದಶಕಗಳ ಕಾಲ ಲಾಂಚನ್ನೇ ಕಾಯಬೇಕಿತ್ತು. 2025ರ ಜುಲೈ 14ರಂದು ಅಲ್ಲಿಯೂ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಮುಂದಿನ ತಿಂಗಳು ಅಮ್ಮ ತುಮರಿ ಕಡೆಯ ನೆಂಟರ ಮನೆಗೆ ಅದರ ಮೇಲೆಯೇ ಹೋಗಿ ಬಂದಳು. ಫೋನಿನಲ್ಲಿ ಮಗಳು ಕೇಳಿದಳು: "ಅಮ್ಮಮ್ಮ, ಕೆಳಗೆ ನೋಡಿದೆಯಾ?"

"ಇಲ್ಲ ಕೂಸೇ. ಬಸ್ಸು ಬೇಗ ದಾಟ್ತು" ಅಂದಳು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, ದಿನವೂ ಕೇಳುವುದನ್ನೇ ಕೇಳಿದಳು: "ಊಟಕ್ಕೆ ಎಂತ ಮಾಡಿದ್ರಿ?"

ಮಗಳು ಹೇಳತೊಡಗಿದಳು. ಅನ್ನ, ಬೀನ್ಸ್ ಪಲ್ಯ, ಟೊಮೆಟೊ ಸಾರು, ಸುಟ್ಟ ಹಪ್ಪಳ. ಮಾಣಿ ಸಾರು ಚೆಲ್ಲಿದ್ದು. ಒಂದನ್ನೂ ಬಿಡದೆ ಹೇಳಿದಳು. ಆ ಕಡೆ ಅಮ್ಮ ಹೂಂಗುಟ್ಟುತ್ತಲೇ ಇದ್ದಳು.